ವರ್ಷದ ಕೊನೆಯ ಕೂಟದಲ್ಲಿ ಎಲ್ಲರಿಗೂ ಗುಲಾಬಿ ಕೊಡಬಹುದಾ?

ಎರಡನೇ ಅಡ್ಡರಸ್ತೆ (ಕುವೆಂಪುನಗರ, ಮೈಸೂರು)
ಡಿಸೆಂಬರ್ 17, ರಾತ್ರಿ 9.50

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಬೀದಿಯಲ್ಲಿ 17 ಮನೆ. ಆರು ವರ್ಷದಿಂದ ಡಿಸೆಂಬರ್ 31ರ ಸಂಜೆ ಎಲ್ಲರೂ ಸೇರುತ್ತೇವೆ. ಒಂದು ಶಾಮಿಯಾನ, ಬಾಡಿಗೆ ಕುರ್ಚಿ, ಬಿಸಿಬೇಳೆಬಾತ್, ಮೊಸರನ್ನ, ಕೊನೆಗೆ ಒಂದು ಕೇಕ್. ಹನ್ನೆರಡರ ತನಕ ಯಾರೂ ಕೂರುವುದಿಲ್ಲ. ವಯಸ್ಸಾದವರು ಜಾಸ್ತಿ, ಮಾಗಿ ಚಳಿ ಬೇರೆ. ಹತ್ತೂವರೆಗೆ ಕುರ್ಚಿ ಎತ್ತಿಡುತ್ತೇವೆ. ಅಡುಗೆ ನೋಡಿಕೊಳ್ಳುವುದು ಒಬ್ಬರು, ಕುರ್ಚಿ ಇನ್ನೊಬ್ಬರು, ಹೂವು ನನ್ನ ಪಾಲು.

ಪ್ರತಿ ವರ್ಷ ಸೇವಂತಿಗೆ ಹಾರ ತಂದು ಶಾಮಿಯಾನಕ್ಕೆ ಕಟ್ಟುತ್ತಿದ್ದೆ. ಕಳೆದ ವರ್ಷ ಬದಲಾವಣೆ ಇರಲಿ ಅಂತ ದೇವರಾಜ ಮಾರುಕಟ್ಟೆಗೆ ಹೋಗಿ ಮೂರು ಕಟ್ಟು ಕೆಂಪು ಗುಲಾಬಿ ತಂದೆ. ಬಂದವರಿಗೆಲ್ಲ ಒಂದೊಂದು ಕೊಡುವುದು ಅಂತ ನನ್ನ ಯೋಚನೆ. ಶಾಮಿಯಾನದ ಬಾಗಿಲಲ್ಲಿ ನಿಂತುಕೊಂಡೆ.

ಮೊದಲು ಬಂದವರು ಖುಷಿಯಿಂದ ತಗೊಂಡರು. ಆಮೇಲೆ ಮೂರನೇ ಮನೆ ಅಜ್ಜಿ ಬಂದರು. ಅವರ ಯಜಮಾನರು ಹೋಗಿ ಹತ್ತೊಂಬತ್ತು ವರ್ಷ. ನಾನು ಹೂವು ಮುಂದೆ ಹಿಡಿದೆ. ಅಜ್ಜಿ ಕೈಯನ್ನು ಹಿಂದಕ್ಕೆ ಎಳೆದುಕೊಂಡರು. "ನನಗೆ ಬೇಡ ಕಣಮ್ಮ, ಬೇರೆಯವರಿಗೆ ಕೊಡು" ಅಂದರು. ನಗುತ್ತಲೇ ಅಂದರು, ಆದರೆ ಕೈ ಸೆರಗಿನ ಒಳಗೆ ಹೋಗಿಬಿಟ್ಟಿತ್ತು. ಹಿಂದೆ ಜನ ನಿಂತಿದ್ದರು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಅವರು ಕೂತ ಮೇಲೆ ಹೂವನ್ನು ಅವರ ಕುರ್ಚಿಯ ಪಕ್ಕ ಇಟ್ಟು ಬಂದೆ. ಕೂಟ ಮುಗಿದಾಗ ಹೂವು ಅಲ್ಲಿ ಇರಲಿಲ್ಲ. ಅವರೇ ತಗೊಂಡು ಹೋದರಾ, ಮಕ್ಕಳು ಎತ್ತಿಕೊಂಡರಾ, ಗೊತ್ತಿಲ್ಲ. ಕೇಳುವ ಧೈರ್ಯ ಬರಲಿಲ್ಲ.

ಇನ್ನೂ ಎರಡು ವಿಷಯ ಆಯಿತು. ಪಿಯುಸಿ ಓದುವ ಹುಡುಗನಿಗೆ ಕೆಂಪು ಗುಲಾಬಿ ಕೊಟ್ಟಾಗ ಅವನ ಗೆಳೆಯರು ಎಷ್ಟು ಕಾಡಿದರು ಎಂದರೆ ಅವನು ಊಟ ಮಾಡದೆ ಮೇಲೆ ಹೋದ. ಎದುರು ಮನೆ ಅಂಕಲ್ ಮಾತ್ರ ನೇರವಾಗಿ ಹೇಳಿದರು: "ಇದೆಲ್ಲ ನಮ್ಮ ಪದ್ಧತಿ ಅಲ್ಲಮ್ಮ. ಗುಲಾಬಿ ಕೊಡೋದು ಇಂಗ್ಲಿಷಿನವರದು."

ಈ ವರ್ಷವೂ ಗುಲಾಬಿಯೇ ತರಬೇಕು ಅಂತ ನನಗೆ ಆಸೆ. ವರ್ಷದ ಕೊನೆಯಲ್ಲಿ ಗುಲಾಬಿಗೆ ನಿಜವಾಗಿ ಏನು ಅರ್ಥ? ಯಾವ ಬಣ್ಣ ತಂದರೆ ಯಾರಿಗೂ ಮುಜುಗರ ಆಗುವುದಿಲ್ಲ? ಎಲ್ಲಕ್ಕಿಂತ ಮುಖ್ಯವಾಗಿ, ಅಜ್ಜಿಗೆ ಮತ್ತೆ ಕೊಡಬಹುದಾ? ಕೊಟ್ಟು ನೋಯಿಸುವುದೂ ಬೇಡ, ಬಿಟ್ಟು ನೋಯಿಸುವುದೂ ಬೇಡ.

---

ಹೂ ಮಾರ್ಕೆಟ್ ಮಗ
ಡಿಸೆಂಬರ್ 17, ರಾತ್ರಿ 11.15

ಅಕ್ಕಾ, ಮೊದಲು ಒಂದು ಪ್ರಶ್ನೆ. ಗುಲಾಬಿಯನ್ನು ಯಾವುದರಲ್ಲಿ ಇಟ್ಟುಕೊಂಡು ಕೊಟ್ಟಿರಿ? ತಟ್ಟೆಯಲ್ಲಾ? ಪಕ್ಕದಲ್ಲಿ ಅರಿಸಿನ ಕುಂಕುಮ ಇತ್ತಾ?

ಯಾಕೆ ಕೇಳುತ್ತಿದ್ದೇನೆ ಅಂದರೆ, ನಮ್ಮ ಅಪ್ಪ ಅಮ್ಮ ದೇವರಾಜ ಮಾರ್ಕೆಟ್‌ನಲ್ಲಿ ಹೂವಿನ ವ್ಯಾಪಾರ ಮಾಡುತ್ತಾರೆ. ಅಮ್ಮ ಬಾಳೆನಾರಿನಲ್ಲಿ ಹೂವು ಕಟ್ಟಲು ಶುರು ಮಾಡಿ ನಲವತ್ತು ವರ್ಷ ಆಯಿತು. ನಿಮ್ಮ ಪ್ರಶ್ನೆ ಓದಿ ಹೇಳಿದೆ. ಅವರು ತಕ್ಷಣ ಹೇಳಿದ್ದು ಇಷ್ಟು: "ಮುಡಿಯುವ ಹೂವಿಗೆ ನೂರು ಲೆಕ್ಕ. ಕೈಯಲ್ಲಿ ಹಿಡಿಯುವ ಹೂವಿಗೆ ಯಾವ ಲೆಕ್ಕವೂ ಇಲ್ಲ. ಆ ಹುಡುಗಿ ಎರಡನ್ನೂ ಒಂದೇ ತಟ್ಟೆಗೆ ಹಾಕಿರಬೇಕು."

ಮಲ್ಲಿಗೆ, ಕನಕಾಂಬರ, ಸ್ಫಟಿಕ, ಇವೆಲ್ಲ ತಲೆಗೆ ಹೋಗುವ ಹೂವು. ಮೊಳದಲ್ಲಿ, ಮಾರಿನಲ್ಲಿ ಅಳೆದು ಕೊಡುತ್ತೇವೆ. ಯಾರಿಗೆ ಕೊಡಬೇಕು, ಯಾರಿಗೆ ಬಾರದು ಅಂತ ಜನ ಸಾವಿರ ನಿಯಮ ಮಾಡಿಕೊಂಡಿದ್ದಾರೆ. ಅದು ಸರಿ ಅಂತ ನಾನು ಹೇಳುತ್ತಿಲ್ಲ. ನಮ್ಮ ಅಂಗಡಿಗೆ ದಿನಾ ಬರುವ ಅಜ್ಜಿಯರು ಇದ್ದಾರೆ. ದೇವರಿಗೆ ಒಂದು ಮೊಳ, ಸೊಸೆಗೆ ಒಂದು ಮೊಳ. ತಮಗೆ ಏನೂ ಇಲ್ಲ. ದೇವರ ಹೂವನ್ನು ಮೂಸಬಾರದು, ಸೊಸೆಯ ಹೂವು ಸೊಸೆಯದು. ಅಂದರೆ ದಿನಾ ಕೈಯಲ್ಲಿ ಹೂವು ಹಿಡಿದು ಮನೆಗೆ ಹೋಗುವ ಹೆಂಗಸು ಒಂದು ಹೂವನ್ನೂ ಮೂಸಿ ನೋಡುವುದಿಲ್ಲ. ಅಮ್ಮ ಇದನ್ನು ಎಷ್ಟೋ ಸಲ ಹೇಳಿ ಬೇಜಾರು ಮಾಡಿಕೊಂಡಿದ್ದಾರೆ.

ಕಡ್ಡಿ ಇರುವ ಗುಲಾಬಿ ಹಾಗಲ್ಲ. ಅದನ್ನು ಹಿಡಿದುಕೊಳ್ಳುವುದು ಕೈಯಲ್ಲಿ. ಗಂಡಸಿಗೂ ಕೊಡುತ್ತಾರೆ, ಮಗುವಿಗೂ ಕೊಡುತ್ತಾರೆ. ಆಸ್ಪತ್ರೆಯಲ್ಲಿ ಮಲಗಿದವರಿಗೂ ಕೊಡುತ್ತಾರೆ, ರಿಟೈರ್ ಆದ ಮೇಷ್ಟ್ರಿಗೂ ಕೊಡುತ್ತಾರೆ. ಡಿಸೆಂಬರ್‌ನಲ್ಲಿ ಇದು ನಮಗೆ ಚೆನ್ನಾಗಿ ಕಾಣುತ್ತದೆ. ಧನುರ್ಮಾಸ ಬಂದರೆ ಮದುವೆ ನಿಂತುಹೋಗುತ್ತದೆ. ಚಳಿಗೆ ಮಲ್ಲಿಗೆ ಮೊಗ್ಗು ಕಡಿಮೆ ಬರುತ್ತದೆ, ಬಂದದ್ದರ ರೇಟು ಕೇಳುವ ಹಾಗಿಲ್ಲ. ಆ ಹೊತ್ತಿಗೆ ಗುಲಾಬಿ ಮುಂದಕ್ಕೆ ಬರುತ್ತದೆ. 24ನೇ ತಾರೀಕು ಚರ್ಚಿಗೆ ಅಂತ ಬಿಳಿ ಮತ್ತು ಕೆಂಪು ಕೇಳುತ್ತಾರೆ. 31ರ ಸಂಜೆ ಹುಡುಗರು ಬಂದು ಒಂದೊಂದೇ ಕಡ್ಡಿ ತಗೊಳ್ಳುತ್ತಾರೆ. ಜನವರಿ 1ರ ಬೆಳಿಗ್ಗೆ ದೇವಸ್ಥಾನಕ್ಕೆ ಹೊರಟವರು ಗುಲಾಬಿ ಹಾರ ಕೇಳುತ್ತಾರೆ. ವಿಜಯನಗರದ ಯೋಗನರಸಿಂಹಸ್ವಾಮಿ ದೇವಸ್ಥಾನದಲ್ಲಿ ಅವತ್ತು ಲಾಡು ಹಂಚುತ್ತಾರೆ, ಸಾಲು ಎಷ್ಟು ಉದ್ದ ಇರುತ್ತದೆ ಅಂತ ನಿಮಗೇ ಗೊತ್ತು. ಒಂದೇ ಹೂವು, ಮೂರು ದಿನದಲ್ಲಿ ಮೂರು ಥರದ ಕೈಗೆ ಹೋಗುತ್ತದೆ.

ಬಣ್ಣದ ವಿಷಯ: ಬರೀ ಕೆಂಪು ಬೇಡ. ಕೆಂಪು ಒಂದೇ ಇದ್ದರೆ ಎಲ್ಲರಿಗೂ ಪ್ರೀತಿ ಪ್ರೇಮವೇ ನೆನಪಾಗುತ್ತದೆ, ಪಾಪ ಆ ಹುಡುಗನಿಗೆ ಆದದ್ದು ಅದೇ. ಕೆಂಪು, ಹಳದಿ, ಬಿಳಿ, ತಿಳಿಗುಲಾಬಿ, ಎಲ್ಲ ಬೆರೆಸಿ ತನ್ನಿ. ಒಂದು ಬಕೆಟ್ ನೀರಿನಲ್ಲಿ ನಿಲ್ಲಿಸಿ ಬಾಗಿಲ ಹತ್ತಿರ ಇಡಿ. ಬಂದವರು ತಮಗೆ ಬೇಕಾದ್ದನ್ನು ತಾವೇ ಎತ್ತಿಕೊಳ್ಳಲಿ.

ತಂದ ತಕ್ಷಣ ಕಡ್ಡಿಯ ತುದಿಯನ್ನು ನೀರಿನೊಳಗೇ ಓರೆಯಾಗಿ ಕತ್ತರಿಸಿ. ನೀರಿಗೆ ತಾಗುವ ಎಲೆ ಕಿತ್ತುಹಾಕಿ, ಇಲ್ಲದಿದ್ದರೆ ಕೊಳೆತು ನೀರು ಕೆಡುತ್ತದೆ. ಮುಳ್ಳನ್ನು ಚಾಕುವಿನಲ್ಲಿ ಹೆರೆಯಬೇಡಿ, ಸಿಪ್ಪೆಗೆ ಗಾಯ ಆದರೆ ಹೂವು ಬೇಗ ಬಾಡುತ್ತದೆ. ಒಂದೊಂದಾಗಿ ಹೆಬ್ಬೆರಳಿನಿಂದ ಪಕ್ಕಕ್ಕೆ ಒತ್ತಿ ಮುರಿಯಿರಿ. ಇನ್ನೊಂದು, ಬಾಳೆಹಣ್ಣಿನ ಗೊನೆಯ ಪಕ್ಕ ಹೂವು ಇಡಲೇಬೇಡಿ. ಹಣ್ಣಾಗುವಾಗ ಅದರಿಂದ ಬರುವ ಗಾಳಿಗೆ ಹೂವು ಬೇಗ ಮುದಿಯಾಗುತ್ತದೆ.

---

ಎರಡನೇ ಅಡ್ಡರಸ್ತೆ
ಡಿಸೆಂಬರ್ 18, ಬೆಳಿಗ್ಗೆ 6.30

ತಟ್ಟೆಯೇ. ಸ್ಟೀಲ್ ತಟ್ಟೆ. ಒಂದು ಕಡೆ ಗುಲಾಬಿ, ಇನ್ನೊಂದು ಕಡೆ ಅರಿಸಿನ ಕುಂಕುಮದ ಬಟ್ಟಲು, ಕಲ್ಲುಸಕ್ಕರೆ. ಮದುವೆ ಮನೆಯಲ್ಲಿ ಇಡುವ ಹಾಗೆ ಚೆನ್ನಾಗಿ ಜೋಡಿಸಿದ್ದೆ. ರಾತ್ರಿ ನಿಮ್ಮ ಉತ್ತರ ಓದಿ ನಿದ್ದೆ ಬರಲಿಲ್ಲ. ಅಜ್ಜಿ ಹೂವಿಗೆ ಕೈ ಹಿಂದೆ ತೆಗೆದದ್ದಲ್ಲ, ಕುಂಕುಮಕ್ಕೆ.

ನಿಮ್ಮ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.

---

ಅಶೋಕ ರಸ್ತೆಯ ಮೊಮ್ಮಗಳು
ಡಿಸೆಂಬರ್ 18, ಮಧ್ಯಾಹ್ನ 2.05

ನಾನು ಸಂತ ಫಿಲೋಮಿನಾ ಚರ್ಚಿನ ಹತ್ತಿರ ಅಜ್ಜಿಯ ಮನೆಯಲ್ಲಿ ಬೆಳೆದವಳು. ನಿಮ್ಮ ಎದುರು ಮನೆ ಅಂಕಲ್‌ಗೆ ಒಂದು ಮಾತು ಹೇಳಿ. ಆ ಚರ್ಚಿಗೆ 1933ರಲ್ಲಿ ಅಡಿಗಲ್ಲು ಹಾಕಿದವರು ನಾಲ್ವಡಿ ಕೃಷ್ಣರಾಜ ಒಡೆಯರು. ಕ್ರಿಸ್‌ಮಸ್ ರಾತ್ರಿ ಅಲ್ಲಿ ಗೋದಲಿ ನೋಡಲು ಬರುವವರಲ್ಲಿ ಹಣೆಗೆ ಕುಂಕುಮ ಇಟ್ಟವರು, ವಿಭೂತಿ ಇಟ್ಟವರು ಎಷ್ಟು ಜನ! ಮೈಸೂರಿನಲ್ಲಿ ಡಿಸೆಂಬರ್ ಒಬ್ಬರದೇ ಆಗಿ ಯಾವಾಗ ಇತ್ತು?

ವರ್ಷದ ಕೊನೆಯ ಗುಲಾಬಿಗೆ ನಮ್ಮಲ್ಲಿ ಹಳೆಯ ಅರ್ಥ ಇದೆ. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರ ಆಗಮನ ಕಾಲ. ಹಸಿರೆಲೆಯ ಸುರುಳಿಯಲ್ಲಿ ನಾಲ್ಕು ಮೇಣದ ಬತ್ತಿ ಇಡುತ್ತಾರೆ. ಮೂರು ನೇರಳೆ, ಒಂದು ಗುಲಾಬಿ ಬಣ್ಣ. ಮೂರನೇ ಭಾನುವಾರ ಆ ಗುಲಾಬಿ ಬತ್ತಿ ಹಚ್ಚುತ್ತಾರೆ. ಅವತ್ತು ಫಾದರ್ ಗುಲಾಬಿ ಬಣ್ಣದ ನಿಲುವಂಗಿ ಹಾಕಿಕೊಳ್ಳಬಹುದು. ಕಾಯುವ ದಿನಗಳ ಮಧ್ಯೆ ಒಂದು ದಿನ ಸಂತೋಷಪಡಿ ಅಂತ. ಚಿಕ್ಕವಳಾಗಿದ್ದಾಗ ನಾನು ಆ ಒಂದು ಬತ್ತಿಗಾಗಿಯೇ ಭಾನುವಾರ ಎಣಿಸುತ್ತಿದ್ದೆ. ಜಪಸರಕ್ಕೆ ರೋಸರಿ ಅನ್ನುತ್ತಾರೆ ಅಲ್ವಾ, ಆ ಹೆಸರು ಕೂಡ ಲ್ಯಾಟಿನ್ನಿನಲ್ಲಿ ಗುಲಾಬಿ ತೋಟ ಅನ್ನುವ ಮಾತಿನಿಂದ ಬಂದದ್ದು.

ಡಿಸೆಂಬರ್ 12 ಮೆಕ್ಸಿಕೋದವರಿಗೆ ಬಹಳ ದೊಡ್ಡ ಹಬ್ಬ. 1531ರಲ್ಲಿ ತೆಪೆಯಾಕ್ ಅನ್ನುವ ಗುಡ್ಡದಲ್ಲಿ ಹುವಾನ್ ದಿಯೆಗೋ ಎಂಬ ಬಡವನಿಗೆ ಮಾತೆ ಮರಿಯಮ್ಮ ಕಾಣಿಸಿಕೊಂಡರು ಅಂತ ನಂಬಿಕೆ. ಬಿಷಪ್ ನಂಬಲಿಲ್ಲ, ಗುರುತು ಕೇಳಿದರು. ಚಳಿಗಾಲದಲ್ಲಿ ಏನೂ ಅರಳದ ಆ ಗುಡ್ಡದ ಮೇಲೆ ಗುಲಾಬಿ ಅರಳಿತ್ತು. ಅವನು ಅದನ್ನು ತನ್ನ ಹೊದಿಕೆಯಲ್ಲಿ ಕಟ್ಟಿಕೊಂಡು ತಂದು ಸುರಿದ. ನಮ್ಮ ಅಜ್ಜಿ ಈ ಕಥೆ ಹೇಳುವಾಗ ತಮ್ಮ ಸೆರಗನ್ನೇ ಮಡಿಲು ಮಾಡಿ ತೋರಿಸುತ್ತಿದ್ದರು.

ನನಗೆ ಒಂದು ವಿಷಯ ಅನ್ನಿಸುತ್ತದೆ. ಚಳಿ ಜೋರಾಗಿರುವ ಊರಿನವರಿಗೆ ಡಿಸೆಂಬರ್‌ನಲ್ಲಿ ಗುಲಾಬಿ ಅಂದರೆ ಆಗಲಾರದ್ದು ಆದ ಹಾಗೆ. ಅಲ್ಲಿ ಕ್ರಿಸ್‌ಮಸ್ ರೋಸ್ ಅಂತ ಕರೆಯುವ ಬಿಳಿ ಹೂವು ಗುಲಾಬಿಯ ಜಾತಿಯೇ ಅಲ್ಲ. ಹಿಮದಲ್ಲೂ ಅರಳುತ್ತದೆ ಅಂತ ಆ ಹೆಸರು ಕೊಟ್ಟಿದ್ದಾರೆ, ಅಷ್ಟು ಆಸೆ. ನಮ್ಮ ಮೈಸೂರಿನಲ್ಲಿ ಹಾಗಲ್ಲ. ನಮಗೆ ಗುಲಾಬಿ ಚೆನ್ನಾಗಿ ಬರುವುದೇ ಈ ಚಳಿಯಲ್ಲಿ. ಅದಕ್ಕೆ ನಾವು ಬೆರಗಾಗುವುದನ್ನು ಬಿಟ್ಟು ಹಂಚಬಹುದು. ಬೇಕಾದಷ್ಟು ಇದೆ, ತಗೊಳ್ಳಿ ಅಂತ.

ನಮ್ಮ ಮನೆಯಲ್ಲಿ ಹೂವಿಗಿಂತ ಮೊದಲು ಬರುವ ಗುಲಾಬಿ ಇನ್ನೊಂದಿದೆ, ರೋಸ್ ಕುಕೀಸ್ ಅನ್ನುವ ಹೂವಿನಾಕಾರದ ಕರಿದ ತಿಂಡಿ. ಮಂಗಳೂರಿನವರು ಕೋಕಿಸಾಂ ಅನ್ನುತ್ತಾರೆ. ಮೈದಾ, ಮೊಟ್ಟೆ, ಸಕ್ಕರೆ, ತೆಂಗಿನಕಾಯಿ ಹಾಲು, ಸ್ವಲ್ಪ ಎಳ್ಳು. ಉದ್ದ ಹಿಡಿಯ ಅಚ್ಚನ್ನು ಎಣ್ಣೆಯಲ್ಲಿ ಚೆನ್ನಾಗಿ ಕಾಯಿಸಬೇಕು. ಹಿಟ್ಟಿಗೆ ಮುಕ್ಕಾಲು ಭಾಗ ಮಾತ್ರ ಅದ್ದಬೇಕು. ಪೂರ್ತಿ ಮುಳುಗಿಸಿದರೆ ಹಿಟ್ಟು ಮೇಲೆ ಮುಚ್ಚಿಕೊಂಡು ಬಿಡುವುದೇ ಇಲ್ಲ. ಅಜ್ಜಿ ತೀರಿಕೊಂಡ ವರ್ಷ ಯಾರಿಗೂ ಮಾಡುವ ಮನಸ್ಸಿರಲಿಲ್ಲ. ಪಕ್ಕದ ಮನೆಯ ಸಾಬರ ಹೆಂಡತಿ, ನಮ್ಮ ಅಜ್ಜಿಯ ಕೈಯಲ್ಲೇ ಕಲಿತವರು, ಒಂದು ಡಬ್ಬ ಮಾಡಿ ತಂದುಕೊಟ್ಟರು. ನಾನು ಅದರಲ್ಲಿ ಒಂದನ್ನು ಮುರಿಯದೆ ಜನವರಿ ಮುಗಿಯುವ ತನಕ ಇಟ್ಟುಕೊಂಡಿದ್ದೆ.

---

ಸರಸ್ವತಿಪುರಂ ಮೇಷ್ಟ್ರು
ಡಿಸೆಂಬರ್ 18, ಸಂಜೆ 7.20

ಎದುರು ಮನೆಯವರ ಮಾತಿಗೆ ನಾನೂ ಸ್ವಲ್ಪ ಸೇರಿಸುತ್ತೇನೆ. ಗುಲಾಬಿ ಎಂಬ ಪದ ಪಾರಸಿಯಿಂದ ಬಂದದ್ದು. ಗುಲ್ ಎಂದರೆ ಹೂವು, ಆಬ್ ಎಂದರೆ ನೀರು. ಮದುವೆ ಮನೆಯ ಬಾಗಿಲಲ್ಲಿ ಬೆಳ್ಳಿಯ ಪನ್ನೀರು ದಾನಿ ಹಿಡಿದು ಬಂದವರ ಮೇಲೆ ಚಿಮುಕಿಸುತ್ತೇವಲ್ಲ, ಆ ಪನ್ನೀರು ಗುಲಾಬಿಯ ನೀರೇ. ಚಿಮುಕಿಸುವಾಗ ಯಾರಾದರೂ "ನೀವು ವಿಧವೆಯೇ, ನೀವು ಯಾವ ಜಾತಿ" ಎಂದು ಕೇಳುತ್ತಾರೆಯೇ? ಬಂದವರ ಮೇಲೆಲ್ಲ ಬೀಳುತ್ತದೆ. ಬಾಗಿಲಲ್ಲಿ ಗುಲಾಬಿಯಿಂದ ಬರಮಾಡಿಕೊಳ್ಳುವುದು ನಮಗೆ ಹೊಸದೇನೂ ಅಲ್ಲ. ಆ ನೀರಿನ ಬದಲು ಈ ತಂಗಿ ಹೂವನ್ನೇ ಕೊಟ್ಟಿದ್ದಾಳೆ, ಅಷ್ಟೇ.

ಹಿಂದಿನ ಉತ್ತರದಲ್ಲಿ ಚಳಿಯ ಊರಿನ ಗುಲಾಬಿಯ ಮಾತು ಬಂತು. ಚಳಿಗಾಲದಲ್ಲೂ ಗುಲಾಬಿ ಅರಳುವ ಊರೊಂದನ್ನು ನಾನು ಕಣ್ಣಾರೆ ನೋಡಿದ್ದೇನೆ. ಮಗ ಕ್ಯಾಲಿಫೋರ್ನಿಯಾದಲ್ಲಿದ್ದಾಗ ಜನವರಿ 1ಕ್ಕೆ ಪ್ಯಾಸಡೀನಾ ಊರಿನ ರೋಸ್ ಪರೇಡಿಗೆ ಕರೆದುಕೊಂಡು ಹೋಗಿದ್ದ. 1890ರಲ್ಲಿ ಶುರುವಾದ ಮೆರವಣಿಗೆ. ಪೂರ್ವದ ಕಡೆ ಜನ ಹಿಮದಲ್ಲಿ ಹೂತುಹೋಗಿರುವಾಗ ನಮ್ಮೂರಲ್ಲಿ ಹೂವು ಅರಳಿದೆ ನೋಡಿ ಎಂದು ತೋರಿಸುವುದಕ್ಕೇ ಅದನ್ನು ಶುರು ಮಾಡಿದರಂತೆ. ಜನ ಹಿಂದಿನ ರಾತ್ರಿಯೇ ಕಂಬಳಿ ಹೊದ್ದು ರಸ್ತೆ ಬದಿ ಮಲಗಿ ಜಾಗ ಹಿಡಿಯುತ್ತಾರೆ, ನಮ್ಮ ಜಂಬೂಸವಾರಿಗೆ ಬೆಳಿಗ್ಗೆಯೇ ಬಂದು ಕೂರುವ ಹಾಗೆ. ರಥದ ಹೊರಮೈ ಪೂರ್ತಿ ಹೂವು, ಎಲೆ, ಬೀಜ, ತೊಗಟೆಯಿಂದಲೇ ಮುಚ್ಚಿರಬೇಕು. ಜನವರಿ 1 ಭಾನುವಾರ ಬಂದರೆ ಮೆರವಣಿಗೆ 2ಕ್ಕೆ ಹೋಗುತ್ತದೆ. ನಾನು ನೋಡುತ್ತಾ ನಿಂತಾಗ ನೆನಪಾದದ್ದು ನಮ್ಮ ಅರಮನೆಯ ಆವರಣದಲ್ಲಿ ಡಿಸೆಂಬರ್ ಕೊನೆಗೆ ನಡೆಯುವ ಫಲಪುಷ್ಪ ಪ್ರದರ್ಶನ. ನನ್ನ ಹೆಂಡತಿ ಅಲ್ಲಿ ಬೇರೆ ಯಾವ ಹೂವನ್ನೂ ನೋಡದೆ ಸೀದಾ ಗುಲಾಬಿಯ ಕಡೆ ನಡೆಯುತ್ತಿದ್ದಳು.

ಕೂಟಕ್ಕೆ ಸಂಬಂಧಪಟ್ಟ ಇನ್ನೊಂದು ಹಳೆಯ ಮಾತು. ರೋಮನ್ನರ ಕಾಲದಿಂದ ಯೂರೋಪಿನಲ್ಲಿ ಊಟದ ಮೇಜಿನ ಮೇಲೆ ಗುಲಾಬಿ ತೂಗುಹಾಕುವ ರೂಢಿಯನ್ನು ಹೇಳುತ್ತಾರೆ. ಅದರ ಕೆಳಗೆ ಆಡಿದ ಮಾತು ಹೊರಗೆ ಹೋಗಬಾರದು. ನನಗೆ ಇದು ಬಹಳ ಹಿಡಿಸುತ್ತದೆ. ವರ್ಷದ ಕೊನೆಯ ರಾತ್ರಿ ಜನ ಮನಸ್ಸು ಬಿಚ್ಚುತ್ತಾರೆ. ಸಾಲದ ಮಾತು, ಮಗನ ಮೇಲಿನ ಸಿಟ್ಟು, ಡಾಕ್ಟರ್ ಹೇಳಿದ್ದು. ನಿಮ್ಮ ಶಾಮಿಯಾನಕ್ಕೂ ನಾಲ್ಕು ಗುಲಾಬಿ ಕಟ್ಟಿ.

---

ಮಂಡ್ಯದ ತೋಟದವನು
ಡಿಸೆಂಬರ್ 19, ಬೆಳಿಗ್ಗೆ 5.40

ನಾನು ಕಬ್ಬಿನ ಜೊತೆ ಇಪ್ಪತ್ತು ಗುಂಟೆಯಲ್ಲಿ ಗುಲಾಬಿ ಹಾಕಿದ್ದೇನೆ. ಅರ್ಥ ಗಿರ್ಥ ನನಗೆ ಗೊತ್ತಿಲ್ಲ, ಗಿಡದ ವಿಷಯ ಹೇಳುತ್ತೇನೆ.

ಡಿಸೆಂಬರ್ ಕೊನೆಗೆ ಹೂವು ಬೇಕು ಅಂದರೆ ನವೆಂಬರ್ ಮೊದಲ ವಾರದಿಂದ ಮಧ್ಯದೊಳಗೆ ಗಿಡದ ರೆಂಬೆ ಕತ್ತರಿಸಿ ಸವರಬೇಕು. ಸವರಿ ಹೆಚ್ಚುಕಡಿಮೆ ಆರೇಳು ವಾರಕ್ಕೆ ಹೂವು. ಚಳಿಗೆ ಮೊಗ್ಗು ನಿಧಾನವಾಗಿ ಬಿಚ್ಚುತ್ತದೆ. ಅದಕ್ಕೇ ಹೂವು ದಪ್ಪ, ಬಣ್ಣ ಗಾಢ. ಕಷ್ಟವೂ ಇದೆ. ರಾತ್ರಿ ತಂಪು, ಹಗಲು ಬಿಸಿಲು, ಎಲೆಯ ಮೇಲೆ ಬೂದಿ ರೋಗ ಬರುತ್ತದೆ. ದಿನಾ ಗಿಡದ ಮಧ್ಯೆ ಓಡಾಡಿ ನೋಡದಿದ್ದರೆ ವಾರದಲ್ಲಿ ತೋಟ ಬೆಳ್ಳಗಾಗುತ್ತದೆ. ಒಂದು ವರ್ಷ ನನಗೆ ಹಾಗೆ ಆಯಿತು. ತಂಗಿಯ ನಿಶ್ಚಿತಾರ್ಥದ ಓಡಾಟದಲ್ಲಿ ಐದು ದಿನ ತೋಟಕ್ಕೆ ಹೋಗಲಿಲ್ಲ. ಆ ವರ್ಷ 31ಕ್ಕೆ ಒಂದು ಕಟ್ಟೂ ಕಳಿಸಲಾಗಲಿಲ್ಲ.

ನೀವು ತಗೊಳ್ಳುವಾಗ ಪೂರ್ತಿ ಬಿರಿದದ್ದು ಬೇಡ, ಗಟ್ಟಿ ಮೊಗ್ಗೂ ಬೇಡ. ಹೊರಗಿನ ಒಂದೆರಡು ದಳ ಬಿಚ್ಚಿರಬೇಕು. ತೊಟ್ಟಿನ ಹತ್ತಿರ ಮೆಲ್ಲಗೆ ಒತ್ತಿ ನೋಡಿ. ಮೆತ್ತಗಿದ್ದರೆ ಹಳೆಯ ಹೂವು.

---

ಎರಡನೇ ಅಡ್ಡರಸ್ತೆ
ಡಿಸೆಂಬರ್ 20, ರಾತ್ರಿ 8.30

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಅಜ್ಜಿಯ ಮನೆಗೆ ಹೋಗಿದ್ದೆ. ಧನುರ್ಮಾಸದ ಹುಗ್ಗಿ ಕೊಡುವ ನೆಪ ಇತ್ತು. ಅಡುಗೆಮನೆಯಲ್ಲೇ ಕೂತು ನೇರವಾಗಿ ಕೇಳಿದೆ. ಕಳೆದ ವರ್ಷ ತಟ್ಟೆಯಲ್ಲಿ ಕುಂಕುಮ ಇಟ್ಟದ್ದು ನನ್ನ ತಪ್ಪು ಅಜ್ಜಿ, ಆ ಹೂವು ಏನಾಯಿತು ಅಂತ.

ಅಜ್ಜಿ ಒಲೆ ಕಟ್ಟೆಯ ಮೇಲೆ ಕಿಟಕಿಯ ಮೂಲೆ ತೋರಿಸಿದರು. "ಅಲ್ಲಿಟ್ಟಿದ್ದೆ ಕಣಮ್ಮ. ಸ್ಟೀಲ್ ಲೋಟದಲ್ಲಿ. ದಿನಾ ನೀರು ಬದಲಾಯಿಸುತ್ತಿದ್ದೆ, ಆರು ದಿನ ಇತ್ತು." ದೇವರಿಗೆ ಇಡಲಿಲ್ಲವಾ ಅಂದೆ. "ದೇವರಿಗೆ ದಿನಾ ಇಡುತ್ತೇನೆ. ಅದು ನನಗೆ ಅಂತ ಕೊಟ್ಟಿದ್ದೆ ಅಲ್ವಾ" ಅಂದರು.

ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವರೇ ಹೇಳಿದರು: "ಹೂವು ಚೆನ್ನಾಗಿತ್ತು. ಆದರೆ ಎಷ್ಟು ಮೂಸಿದರೂ ವಾಸನೆ ಇರಲಿಲ್ಲ. ನಮ್ಮ ತಾಯಿ ಮನೆ ಹಿತ್ತಲಲ್ಲಿ ಪನ್ನೀರು ಗುಲಾಬಿ ಇತ್ತು. ಬಾವಿಯ ಹತ್ತಿರ ಹೋದರೆ ಸಾಕು, ಗಮ್ ಅನ್ನುತ್ತಿತ್ತು."

ಈ ಸಲ ತಟ್ಟೆ ಇಲ್ಲ, ಬಕೆಟ್. ನಾಲ್ಕು ಬಣ್ಣ. ಬಕೆಟ್ ಪಕ್ಕದಲ್ಲಿ ಅದೇ ಪಿಯುಸಿ ಹುಡುಗ ನಿಲ್ಲುತ್ತಾನೆ, ಕೇಳಿದ್ದಕ್ಕೆ ಒಪ್ಪಿಕೊಂಡ. ಎದುರು ಮನೆ ಅಂಕಲ್‌ಗೆ ಪನ್ನೀರು ದಾನಿಯ ವಿಷಯ ಹೇಳಿದೆ. ಅವರ ಅಟ್ಟದ ಮೇಲೆ ಹಳೆಯದು ಒಂದಿದೆಯಂತೆ, ಹುಣಸೆಹಣ್ಣು ಹಾಕಿ ತಿಕ್ಕಿ ತರುತ್ತೇನೆ ಅಂದಿದ್ದಾರೆ.

ಪನ್ನೀರು ಗುಲಾಬಿ ಒಂದು ಕಡ್ಡಿ ಎಲ್ಲಿ ಸಿಗುತ್ತದೆ? ಯಾರಿಗಾದರೂ ಗೊತ್ತಾ?

---

ಹೂ ಮಾರ್ಕೆಟ್ ಮಗ
ಡಿಸೆಂಬರ್ 20, ರಾತ್ರಿ 9.05

ಅಜ್ಜಿ ಹೇಳಿದ್ದು ನಿಜ. ಕಟ್ ರೋಸ್‌ಗಳಲ್ಲಿ ಬಹಳಷ್ಟಕ್ಕೆ ವಾಸನೆ ಕಡಿಮೆ, ಜಾಸ್ತಿ ದಿನ ಬಾಳಿಕೆ ಬರಲಿ ಅಂತ ಬೆಳೆಸಿದ ತಳಿ ಅವು. ಮಾರ್ಕೆಟ್‌ನಲ್ಲಿ ಪನ್ನೀರು ಗುಲಾಬಿ ಬಿಡಿ ಹೂವಾಗಿ ಬರುತ್ತದೆ, ಹಾರಕ್ಕೆ. ಕಡ್ಡಿ ಸಮೇತ ಬರುವುದಿಲ್ಲ. ಬೆಳಿಗ್ಗೆ ಕಿತ್ತದ್ದು ಸಂಜೆಗೆ ದಳ ಉದುರಲು ಶುರು ಆಗುತ್ತದೆ. ಗಿಡ ಇರುವವರ ಹತ್ತಿರವೇ ಕೇಳಬೇಕು.

---

ಮಂಡ್ಯದ ತೋಟದವನು
ಡಿಸೆಂಬರ್ 21, ಬೆಳಿಗ್ಗೆ 5.15

ನಮ್ಮ ಪಂಪ್‌ಸೆಟ್ ಮನೆಯ ಪಕ್ಕ ಎರಡು ಗಿಡ ಇದೆ. ಅಮ್ಮ ಹಾಕಿದ್ದು, ಮಾರುವುದಕ್ಕಲ್ಲ. ನೋಡಿ ಬಂದೆ, ಮೊಗ್ಗು ಇದೆ. 31ರ ಬೆಳಿಗ್ಗೆ ಹೂವಿನ ಗಾಡಿಯಲ್ಲಿ ನಾನೇ ಮೈಸೂರಿಗೆ ಬರುತ್ತೇನೆ. ಕಡ್ಡಿ ಉದ್ದವಾಗಿಯೇ ಕತ್ತರಿಸಿ ಒದ್ದೆ ಬಟ್ಟೆ ಸುತ್ತಿ ತರುತ್ತೇನೆ. ಸಂಜೆಯ ತನಕ ನೆರಳಲ್ಲಿ, ನೀರಲ್ಲಿ ಇಡಿ. ಬೆಳಿಗ್ಗೆ ಏಳು ಗಂಟೆಗೆ ದೇವರಾಜ ಮಾರ್ಕೆಟ್ ಮುಂದಿನ ಚಿಕ್ಕ ಗಡಿಯಾರ ಗೋಪುರದ ಹತ್ತಿರ ನಿಂತಿರಿ. ದುಡ್ಡು ತರಬೇಡಿ.